ಎಂಬತ್ತು ಗಜದ ಬಾಣ, ಬಯಲಿನ ಜಿಂಕೆ

ಮಾನ್ಯ ಸಂಪಾದಕರೇ,

ಅಮೆರಿಕದ ಪಶ್ಚಿಮ ಭಾಗದ ಬಯಲುಗಳಲ್ಲಿ ನಡೆಯುವ ಬಿಲ್ಲುಬೇಟೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿಸಿಕೊಂಡು ಹೋಗುತ್ತದೆ. ಆದರೆ ಅದರ ಒಂದು ಮಾತನ್ನು ಹಾಗೇ ಬಿಡಲಾಗದು. ಈಗಿನ ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು) 80 ಗಜ ದೊಡ್ಡ ದೂರವೇ ಅಲ್ಲ, ಆದ್ದರಿಂದ ಮರೆಯಿಲ್ಲದ ಬಯಲಲ್ಲಿ ತೆವಳಿ ಹತ್ತಿರ ಹೋಗುವ ಅಗತ್ಯ ಉಳಿದಿಲ್ಲ ಎಂದು ಲೇಖಕರು ಬರೆದಿದ್ದಾರೆ. ನಿಲ್ಲಿಸಿಟ್ಟ ಗುರಿಹಲಗೆಗೆ ಇದು ಸರಿ. ಜಿಂಕೆ ಹಲಗೆಯಲ್ಲ.

ಲೆಕ್ಕ ಹಾಕಿ ನೋಡಿ. ಬಾಣದ ವೇಗ ಸೆಕೆಂಡಿಗೆ 280 ಅಡಿ ಎಂದುಕೊಳ್ಳೋಣ, ಶಬ್ದದ್ದು ಸುಮಾರು 1,100 ಅಡಿ. 80 ಗಜ ಎಂದರೆ 240 ಅಡಿ. ಹೆದೆಯ ಸದ್ದು 0.22 ಸೆಕೆಂಡಿಗೆ ಜಿಂಕೆಯ ಕಿವಿ ಮುಟ್ಟುತ್ತದೆ, ಬಾಣಕ್ಕೆ 0.86 ಸೆಕೆಂಡ್ ಬೇಕು, ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ನಡುವೆ ಸಿಗುವ ಅರ್ಧ ಸೆಕೆಂಡಿಗೂ ಮೀರಿದ ಹೊತ್ತಿನಲ್ಲಿ ಜಿಂಕೆ ಏನು ಮಾಡುತ್ತದೆ? ನೆಗೆಯಲು ಮೊದಲು ಕಾಲು ಮಡಿಸಿ ಕುಸಿಯುತ್ತದೆ. ತಾನಾಗಿ ಬೀಳುವ ಯಾವುದೇ ವಸ್ತು 0.2 ಸೆಕೆಂಡಿನಲ್ಲಿ ಸುಮಾರು 8 ಅಂಗುಲ ಇಳಿಯುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಬಾಣ ಬೆನ್ನ ಮೇಲೆ ಹಾದುಹೋದರೆ ಪುಣ್ಯ, ಬೆನ್ನಿನ ಮಾಂಸಕ್ಕೆ ನಾಟಿದರೆ ಗಾಯಗೊಂಡ ಪ್ರಾಣಿ ಕೈತಪ್ಪಿತು. ಸದ್ದೇ ಕೇಳದೆ ಮೇಯುತ್ತಿದ್ದ ಜಿಂಕೆ ಅಷ್ಟರಲ್ಲಿ ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟರೂ ಎದೆಗೆ ಹಿಡಿದ ಗುರಿ ಹೊಟ್ಟೆಗೆ ಬೀಳುತ್ತದೆ.

ದೂರ ಅಳೆಯುವುದರಲ್ಲಿ ಆಗುವ ತಪ್ಪೂ ಇದರ ಜೊತೆಗಿದೆ. 30 ಗಜಕ್ಕೆ ಗುರಿ ಹಿಡಿದು, ಜಿಂಕೆ 35ರಲ್ಲಿದ್ದರೆ ಬಾಣ ಸುಮಾರು 4 ಅಂಗುಲ ಕೆಳಗೆ ಬೀಳುತ್ತದೆ. 60 ಗಜದಲ್ಲಿ ಅದೇ 5 ಗಜದ ತಪ್ಪಿಗೆ 7 ಅಂಗುಲ ದಾಟುತ್ತದೆ. ರೇಂಜ್‌ಫೈಂಡರ್ (ಕಿರಣ ಬಿಟ್ಟು ದೂರ ಅಳೆಯುವ ಉಪಕರಣ) ಇದೆಯಲ್ಲ ಎನ್ನಬಹುದು. ಅದರ ಕಿರಣ ಜಿಂಕೆಯ ಮುಂದಿನ ಹುಲ್ಲಿಗೇ ಬಡಿದು ತಪ್ಪು ಅಂಕಿ ಕೊಡುವುದು ಬಯಲಲ್ಲಿ ಮಾಮೂಲು. ಇಳಿಜಾರಿನಲ್ಲಿ ಕೆಳಕ್ಕೆ ಬಿಡುವಾಗ ಸಮತಲದಲ್ಲಿ ಅಳೆದ ದೂರವನ್ನೇ ಹಿಡಿಯಬೇಕು: 30 ಡಿಗ್ರಿ ಇಳಿಜಾರಿನಲ್ಲಿ 40 ಗಜ ಎಂದು ಕಂಡದ್ದಕ್ಕೆ 35 ಗಜದ ಗುರಿ. ಇದನ್ನು ಮರೆತವರ ಬಾಣ ಮೇಲೆ ಹೋಗುತ್ತದೆ.

ಹಾಗಾಗಿ ಹತ್ತಿರ ಹೋಗಲೇಬೇಕು, 40 ಗಜದೊಳಗೆ, ಸಾಧ್ಯವಾದರೆ 30ಕ್ಕೆ. ಬಯಲಲ್ಲಿ ಅದು ಆಗದ ಕೆಲಸವೂ ಅಲ್ಲ. ದೂರದಿಂದ ಚಾಪೆ ಹಾಸಿದಂತೆ ಕಾಣುವ ನೆಲದಲ್ಲಿ ಕೊರಕಲು, ಹಳ್ಳ, ಮೊಣಕಾಲೆತ್ತರದ ಸೇಜ್ ಪೊದೆ ಎಲ್ಲವೂ ಇರುತ್ತವೆ. ಅಲ್ಲಿನ ಮ್ಯೂಲ್ ಡೀರ್ (ಹೇಸರಗತ್ತೆಯಂಥ ದೊಡ್ಡ ಕಿವಿಯಿಂದ ಬಂದ ಹೆಸರು) ಬೆಳಗಿನ ಜಾವ ಮೇದು, ಬಿಸಿಲೇರುವಾಗ ನೆರಳು ನೋಡಿ ಮಲಗುತ್ತದೆ. ನಡೆದಾಡುವ ಜಿಂಕೆಯ ಬೆನ್ನು ಹತ್ತಬಾರದು. ಅದರ ನಡಿಗೆಗೆ ಮನುಷ್ಯ ಸಾಟಿಯಲ್ಲ. ಎದುರು ದಿಬ್ಬದಲ್ಲಿ ಟ್ರೈಪಾಡ್ ಮೇಲೆ ದುರ್ಬೀನು ಇಟ್ಟು, ಅದು ಮಲಗುವವರೆಗೆ ಕಾಯಬೇಕು. ಮಲಗಿದ ಕೂಡಲೇ ಹೊರಡುವುದೂ ತಪ್ಪೇ. ಬಿಸಿಲು ಸರಿದು ಮೊದಲ ನೆರಳು ಹೋದಾಗ ಅದು ಎದ್ದು, ಹತ್ತಾರು ಗಜ ಆಚೆ ಎರಡನೇ ಜಾಗದಲ್ಲಿ ಮಲಗುತ್ತದೆ. ಅಲ್ಲಿ ಹೆಚ್ಚು ಹೊತ್ತು ಇರುತ್ತದೆ. ಹೊರಡುವ ಕಾಲ ಅದು.

ಹೊರಡುವ ಮೊದಲು ಜಾಗವನ್ನು ಗುರುತು ಹಾಕಿಕೊಳ್ಳಿ: ಒಣಗಿದ ಜೂನಿಪರ್ ಮರ, ಅದರ ಎಡಕ್ಕೆ ಬಿಳಿಕಲ್ಲು, ಹೀಗೆ. ಫೋನಿನಲ್ಲಿ ಒಂದು ಚಿತ್ರವೂ ಇರಲಿ. ಗುಡ್ಡ ಸುತ್ತಿ ಹಿಂಬದಿಯಿಂದ ಬಂದಾಗ ಅದೇ ನೆಲ ಬೇರೆಯಾಗಿ ಕಾಣುತ್ತದೆ, ಒಂದರಂತೆ ಇನ್ನೊಂದು ಪೊದೆ. ಕೆಟ್ಟುಹೋಗುವ ಬೇಟೆಗಳಲ್ಲಿ ಬಹುಪಾಲು ಕೆಡುವುದು ಇಲ್ಲೇ. ಇನ್ನುಳಿದವು, ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಹೆಣ್ಣು ಜಿಂಕೆಯೊಂದು ನಡುದಾರಿಯಲ್ಲಿ ಎದ್ದು, ಅಪಾಯದ ಸೂಚನೆಯಾಗಿ ಸೀನಿದಾಗ.

ಲೇಖನ ಮರೆಮಾಚುವ ಬಟ್ಟೆಗೆ ಅರ್ಧ ಪುಟ ಕೊಟ್ಟು ಗಾಳಿಗೆ ಒಂದೇ ಸಾಲು ಕೊಟ್ಟಿದೆ. ತಲೆಕೆಳಗು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ತಿಳಿಯುವುದಿಲ್ಲ, ನೀಲಿ ಚೆನ್ನಾಗಿ ತಿಳಿಯುತ್ತದೆ. ನೀಲಿ ಜೀನ್ಸ್ ಬೇಡ, ಅಷ್ಟು ಸಾಕು. ಜಿಂಕೆಯ ಕಣ್ಣು ಹಿಡಿಯುವುದು ಅಲುಗಾಟವನ್ನು. ಗಾಳಿಯ ವಿಷಯ ಹಾಗಲ್ಲ, ಒಂದು ಸಲ ಮೈವಾಸನೆ ಮೂಗಿಗೆ ಬಡಿದರೆ ಆ ಜಿಂಕೆ ಅವತ್ತಿಗೆ ಇಲ್ಲ. ಬೆಳಿಗ್ಗೆ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ, ನೆಲ ಕಾದ ಮೇಲೆ ಮೇಲಕ್ಕೇರುತ್ತದೆ. ಈ ಎರಡರ ನಡುವಿನ ಗಳಿಗೆಯಲ್ಲಿ ಅದು ಎತ್ತೆತ್ತಲೋ ಸುಳಿಯುತ್ತದೆ, ಆಗ ಕದಲಬಾರದು. ಮಧ್ಯಾಹ್ನ ಮಲಗಿದ ಗಂಡು ಜಿಂಕೆ ಸಾಮಾನ್ಯವಾಗಿ ಇಳಿಜಾರಿನ ಕೆಳಗೆ ಕಣ್ಣಿಟ್ಟಿರುತ್ತದೆ. ಆದ್ದರಿಂದ ಮೇಲಿನಿಂದ ಇಳಿದು ಬರಬೇಕು, ಏರುವ ಗಾಳಿ ನಿಮ್ಮ ವಾಸನೆಯನ್ನು ಹಿಂದಕ್ಕೆ ಒಯ್ಯುತ್ತದೆ. ಸಣ್ಣ ಬಾಟಲಿಯಲ್ಲಿ ನುಣುಪು ಪುಡಿ ಇಟ್ಟುಕೊಂಡು ಆಗಾಗ ಹಾರಿಸಿ ನೋಡುತ್ತಿರಬೇಕು.

ಕೊನೆಯ 100 ಗಜಕ್ಕೆ ಒಂದು ಗಂಟೆ ಹಿಡಿದರೆ ಹಿಡಿಯಲಿ. ಬೂಟು ಕಳಚಿ, ದಪ್ಪ ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿಕೊಳ್ಳುವುದು ರೂಢಿ. ಪಾಪಾಸುಕಳ್ಳಿ ಇರುವ ನೆಲವಾದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಗಾಳಿ ಬೀಸಿದಾಗ ಸರಿಯಬೇಕು, ನಿಂತಾಗ ನಿಲ್ಲಬೇಕು. 30 ಗಜ ಸಿಕ್ಕಿದ ಮೇಲೆ ಕಲ್ಲೆಸೆದೋ ಸಿಳ್ಳೆ ಹಾಕಿಯೋ ಎಬ್ಬಿಸುವವರಿದ್ದಾರೆ. ಬೆಚ್ಚಿ ಎದ್ದ ಜಿಂಕೆ ಹೆದೆಯ ಸದ್ದಿಗೆ ಇನ್ನೂ ಬೇಗ ಕುಸಿಯುತ್ತದೆ. ತಾನಾಗಿ ಎದ್ದದ್ದು ಮೈಮುರಿದು ಒಂದು ಗಳಿಗೆ ನಿಲ್ಲುತ್ತದೆ. ಅದಕ್ಕಾಗಿ ಕೂರಬೇಕು, ಎರಡು ಗಂಟೆಯಾದರೂ. ಜಿಂಕೆಯ ತಲೆ ಪೊದೆಯ ಹಿಂದಿದ್ದಾಗ ಹೆದೆ ಎಳೆಯಬೇಕು. 60 ಪೌಂಡಿನ ಬಿಲ್ಲಿನಲ್ಲಿ, ಹೆದೆ ಪೂರ್ತಿ ಎಳೆದ ಮೇಲೆ 80 ಪ್ರತಿಶತ ಭಾರ ಇಳಿದರೂ ಕೈಯಲ್ಲಿ 12 ಪೌಂಡ್ ಉಳಿಯುತ್ತದೆ. ಬೇಗ ಎಳೆದವರ ತೋಳು ನಡುಗಲು ಒಂದೆರಡು ನಿಮಿಷ ಸಾಕು.

ಬಾಣ ತಾಗಿದ ಮೇಲಿನ ಕೆಲಸವನ್ನು ಲೇಖನ ಮುಟ್ಟಿಯೇ ಇಲ್ಲ. ನೊರೆಯಿರುವ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಅರ್ಧ ಗಂಟೆ ಕಾದು ಜಾಡು ಹಿಡಿಯಬಹುದು. ಕಡುಗೆಂಪಾದರೆ ಯಕೃತ್ತು, ನಾಲ್ಕರಿಂದ ಆರು ಗಂಟೆ. ಬಾಣಕ್ಕೆ ಹಸಿರು ಮೆತ್ತಿ ನಾತ ಹೊಡೆದರೆ ಹೊಟ್ಟೆಗೆ ಬಿದ್ದಿದೆ, ಎಂಟು ಗಂಟೆಗೂ ಹೆಚ್ಚು ಬೇಕು. ಆತುರಪಟ್ಟರೆ ಮಲಗಿದ್ದು ಎದ್ದು ಮೈಲುಗಟ್ಟಲೆ ಹೋಗುತ್ತದೆ. ಸೆಪ್ಟೆಂಬರ್ ಬಿಸಿಲಲ್ಲಿ ಎಂಟು ಗಂಟೆ ಕಾದರೆ ಮಾಂಸ ಕೆಡುತ್ತದೆ, ಕಾಯೊಟಿಗಳೂ (ತೋಳದ ಜಾತಿಯ ಸಣ್ಣ ಪ್ರಾಣಿ) ಬರುತ್ತವೆ. ಇದಕ್ಕೆ ಒಳ್ಳೆಯ ಪರಿಹಾರವಿಲ್ಲ. 80 ಗಜದ ಮಾತಾಡುವವರು ಈ ಎಂಟು ಗಂಟೆಯ ಮಾತೂ ಆಡಬೇಕಿತ್ತು.

ಇನ್ನೆರಡು ಚಿಕ್ಕ ತಿದ್ದುಪಡಿ. ಬಿಲ್ಲುಬೇಟೆಯನ್ನು ಕಾಂಪೌಂಡ್ ಬಿಲ್ಲು ಹುಟ್ಟುಹಾಕಿತು ಎಂಬ ಲೇಖನದ ಮಾತು ಸರಿಯಲ್ಲ. ಆ ಬಿಲ್ಲಿಗೆ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಬಿಲ್ಲುಬೇಟೆಗೆ ಹೆಸರಾದ ವೈದ್ಯ ಸ್ಯಾಕ್ಸ್‌ಟನ್ ಪೋಪ್, 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಶಿಯಿಂದ ಬಿಲ್ಲುವಿದ್ಯೆ ಕಲಿತದ್ದು ಅದಕ್ಕೆ ಅರ್ಧ ಶತಮಾನ ಮೊದಲು. ಭಾರತದಲ್ಲಿ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬ ಒಂದು ಸಾಲೂ ಲೇಖನದಲ್ಲಿ ಇರಬೇಕಿತ್ತು.

ಕೊನೆಗೆ ಚಿತ್ರ. ಬೇಟೆಗಾರ ಹೆದೆಗೆ ಬಾಣ ಹೂಡಿಕೊಂಡೇ ತೆವಳುತ್ತಿದ್ದಾನೆ. ಅದರ ಅಲಗು ಕ್ಷೌರದ ಕತ್ತಿಯಷ್ಟು ಹರಿತ. ಕೈ ಜಾರಿದರೆ ತೊಡೆಯ ರಕ್ತನಾಳ ಸೀಳುತ್ತದೆ, ಆಸ್ಪತ್ರೆ ಗಂಟೆಗಟ್ಟಲೆ ದೂರ. ತೆವಳುವಾಗ ಬಾಣಗಳು ಮುಚ್ಚಳವಿರುವ ಬತ್ತಳಿಕೆಯಲ್ಲೇ ಇರಬೇಕು, ಕೂರುವ ಜಾಗ ತಲುಪಿ, ಬಿಲ್ಲಿನ ಗಾಲಿಗಳಲ್ಲಿ ಕಡ್ಡಿ ಸಿಕ್ಕಿದೆಯೇ ಎಂದು ನೋಡಿದ ಮೇಲೆಯೇ ಹೂಡಬೇಕು. ಅಂತರ್ಜಾಲ ಆವೃತ್ತಿಯಲ್ಲಾದರೂ ಆ ಚಿತ್ರವನ್ನು ಬದಲಿಸಿ.

— ಒಬ್ಬ ಓದುಗ