ಸಸಿ ನೆಡುವ ಮೊದಲು ಬಯಲಿನ ದಾಖಲಾತಿ ಆಗಲಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಪುಣೆಯ ಕಂಪನಿಗಳು, ಹೌಸಿಂಗ್ ಸೊಸೈಟಿಗಳು, ನಮ್ಮ ಕನ್ನಡ ಸಂಘಗಳೂ ಸೇರಿದಂತೆ ಅನೇಕರು ಸಸಿ ನೆಡುವ ಕಾರ್ಯಕ್ರಮ ಹಮ್ಮಿಕೊಳ್ಳುತ್ತಾರೆ. ನಗರದ ರಸ್ತೆಬದಿಯಲ್ಲಿ ಇದು ನಿಸ್ಸಂಶಯವಾಗಿ ಒಳ್ಳೆಯ ಕೆಲಸ. ಆದರೆ ಸಾಸವಡ, ಬಾರಾಮತಿ, ದೌಂಡ್, ಇಂದಾಪುರಗಳ ಕಡೆಯ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಗಿಡ ನೆಟ್ಟರೆ ಅಲ್ಲಿನ ವನ್ಯಜೀವಿಗಳ ನೆಲೆಯನ್ನೇ ಕಿತ್ತುಕೊಂಡಂತಾಗುತ್ತದೆ.

ಪುಣೆ ಜಿಲ್ಲೆಯ ಈ ಪೂರ್ವಭಾಗ ಸಹ್ಯಾದ್ರಿಯ ಮಳೆನೆರಳಿನಲ್ಲಿದ್ದು, ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಮಾತ್ರ. ಅಲ್ಲಲ್ಲಿ ಜಾಲಿ, ಉಳಿದಂತೆ ಹುಲ್ಲು, ಇದೇ ಆ ನೆಲದ ಸಹಜ ರೂಪ. ತೋಳ, ಕತ್ತೆಕಿರುಬ, ಚಿಂಕಾರ ಎಂಬ ಸಣ್ಣ ಹುಲ್ಲೆಗಳು ಬದುಕುವುದು ಇಂಥ ಬಯಲಿನಲ್ಲಿ. ನೆಲಗುಬ್ಬಿಯಂಥ ಹಕ್ಕಿಗಳು ಮೊಟ್ಟೆಯಿಡುವುದು ಬರಿಯ ನೆಲದ ಮೇಲೆ. ಸರ್ಕಾರಿ ಭೂನಕ್ಷೆಗಳು ಇಂಥ ಜಾಗದ ಬಹುಪಾಲನ್ನು ಪಾಳುಭೂಮಿ ಎಂದೇ ಗುರುತಿಸುತ್ತ ಬಂದಿರುವುದರಿಂದ ಕೈಗಾರಿಕೆಗಾಗಲಿ, ಸೌರ ವಿದ್ಯುತ್ತಿಗಾಗಲಿ, ನೆಡುತೋಪಿಗಾಗಲಿ ಮೊದಲು ಕಣ್ಣು ಬೀಳುವುದು ಇದರ ಮೇಲೆಯೇ. ಸುಪೆ ಬಳಿಯ ಮಯೂರೇಶ್ವರ ಅಭಯಾರಣ್ಯ ಚಿಂಕಾರಗಳಿಗೆ ಆಸರೆಯಾಗಿದೆ ನಿಜ. ಆದರೆ ಅದರ ವಿಸ್ತೀರ್ಣ ಕೇವಲ 5.14 ಚದರ ಕಿ.ಮೀ. ಒಂದು ತೋಳದ ಹಿಂಡಿನ ಓಡಾಟಕ್ಕೂ ಅಷ್ಟು ಜಾಗ ಸಾಲದು. ಆದ್ದರಿಂದ ಈ ಪ್ರಾಣಿಗಳ ಉಳಿವು ಅಭಯಾರಣ್ಯದ ಗಡಿಯಾಚೆಗಿನ ಗೋಮಾಳ ಮತ್ತು ಬೀಳುಭೂಮಿಗಳನ್ನು ಅವಲಂಬಿಸಿದೆ, ಅಂದರೆ ಗ್ರಾಮ ಪಂಚಾಯಿತಿಗಳ ತೀರ್ಮಾನಗಳನ್ನು.

ಈ ಬಯಲುಗಳನ್ನು ಉಳಿಸಲು ಹೊಸ ಕಾನೂನು ಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಮಿನಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅದರ ಮುಖ್ಯ ಕರ್ತವ್ಯ. ಈ ದಾಖಲಾತಿಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಪ್ರಮುಖರಾದ ಪರಿಸರ ವಿಜ್ಞಾನಿ ಮಾಧವ ಗಾಡಗೀಳ್ ಹುಟ್ಟಿದ್ದು ಪುಣೆಯಲ್ಲಿ, ದಶಕಗಳ ಕಾಲ ಕೆಲಸ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಬುದನ್ನು ಪುಣೆಯ ಕನ್ನಡಿಗನಾಗಿ ನಾನು ಅಭಿಮಾನದಿಂದ ನೆನೆಯುತ್ತೇನೆ. ದಾಖಲಾತಿಯಲ್ಲಿ ಗಿಡಮೂಲಿಕೆಗಳ ಹೆಸರು ಬರೆದು ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ. ತೋಳ ಮರಿ ಹಾಕುವ ಜಾಗಗಳು, ಬೇಸಗೆಯಲ್ಲಿ ನೀರು ಉಳಿಯುವ ಹಳ್ಳಗಳು, ಕುರಿಹಿಂಡುಗಳ ದಾರಿ ಯಾವುದು, ಯಾವ ತಿಂಗಳಲ್ಲಿ ಎಲ್ಲಿ ಮೇವು ಎಂಬ ವಿವರಗಳು ಸರ್ವೆ ನಂಬರಿನ ಸಮೇತ ನಕ್ಷೆಯ ಮೇಲೆ ಬರಬೇಕು. ಹಿಂಡಿನ ಹಿಂದೆಯೇ ತೋಳವೂ ಸಾಗುವುದರಿಂದ ಇದನ್ನೆಲ್ಲ ಬಲ್ಲವರು ಧನಗರ ಕುರಿಗಾಹಿಗಳು. ತೋಳ ಕುರಿ ಹಿಡಿದರೆ ಸರ್ಕಾರ ಪರಿಹಾರ ಕೊಡುತ್ತದೆ. ಆದರೆ ಬೀಡು ಬದಲಿಸುತ್ತಲೇ ಇರುವ ಕುರಿಗಾಹಿ ಪಂಚನಾಮೆಗೆಂದು ಕಾದು ಕೂರುವುದು ಹೇಗೆ? ದಾಖಲಾತಿಯನ್ನು ಆಧರಿಸಿ ರೂಪಿಸುವ ವನ್ಯಜೀವಿ ಯೋಜನೆಯಲ್ಲಿ ಇದಕ್ಕೂ ಉತ್ತರವಿರಬೇಕು.

ನಗರವಾಸಿಗಳಾದ ನಮ್ಮ ಪಾಲಿನ ಹೊಣೆಯೂ ಇದೆ. ಪುಣೆ ಸುತ್ತಲಿನ ತೋಳಗಳಲ್ಲಿ ನಾಯಿಯ ಬೆರಕೆಯಾಗಿರುವುದು ವಂಶವಾಹಿ ಪರೀಕ್ಷೆಯಿಂದ ದೃಢಪಟ್ಟಿದೆ. ಬಯಲಿಗೆ ಸುರಿಯುವ ಕಸ, ಕೋಳಿಫಾರಂಗಳ ತ್ಯಾಜ್ಯದಿಂದ ಬೀದಿನಾಯಿಗಳು ಹೆಚ್ಚುತ್ತವೆ. ಅವುಗಳಿಂದ ತೋಳಗಳಿಗೆ ರೋಗವೂ ಹರಡುತ್ತದೆ. ಕಸದ ವಿಲೇವಾರಿ ಮತ್ತು ನಾಯಿಗಳ ಲಸಿಕೆ, ಸಂತಾನಹರಣಗಳನ್ನು ಸೇರಿಸದ ವನ್ಯಜೀವಿ ಯೋಜನೆಯನ್ನು ನಾನು ಅಪೂರ್ಣವೆಂದೇ ಭಾವಿಸುತ್ತೇನೆ.

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಕರ್ನಾಟಕ ತೋಳಗಳಿಗಾಗಿಯೇ ಒಂದು ಧಾಮವನ್ನು ಘೋಷಿಸಿದೆ. ಅಂಥದೇ ಕಾಳಜಿಯಿಂದ ಪುಣೆ ಜಿಲ್ಲಾ ಪರಿಷತ್ತು ತನ್ನ ಹುಲ್ಲುಗಾವಲಿನ ಪಂಚಾಯಿತಿಗಳ ದಾಖಲಾತಿಗಳನ್ನು ಮುಂದಿನ ಮಳೆಗಾಲದೊಳಗೆ ಪರಿಷ್ಕರಿಸಲಿ, ಅಲ್ಲಿಯವರೆಗೆ ಆ ಬಯಲುಗಳಲ್ಲಿ ಹೊಸ ನೆಡುತೋಪಿಗೆ ಅನುಮತಿ ಕೊಡದಿರಲಿ ಎಂದು ಒತ್ತಾಯಿಸುತ್ತೇನೆ. ನಮ್ಮ ಸಂಘಗಳು ಸಸಿಗೆ ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಈ ದಾಖಲಾತಿಯ ಕೆಲಸಕ್ಕೆ ಕೊಡಬಹುದೆಂದೂ ವಿನಂತಿಸುತ್ತೇನೆ.

– ಓದುಗ, ಕೋಥರೂಡ್, ಪುಣೆ