ಕೆಸು ಹೊತ್ತು ಹೋದವರು

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೊರಡುವ ದಿನ ಹತ್ತಿರ ಬಂತು ಅಂತ ನಿನ್ನ ಅಪ್ಪ ಹೇಳಿದ. ಫೀಸು, ರೂಮಿನ ವಿಷಯ ಅವನು ನೋಡಿಕೊಳ್ಳುತ್ತಾನೆ. ನೀನು ಕಾಲಿಡುವ ನೆಲದ ಬಗ್ಗೆ ನಾನು ಸ್ವಲ್ಪ ಹೇಳಬೇಕು.

ಜನ ಹೊಸ ನೆಲಗಳಿಗೆ ಹರಡಿದ ಕತೆ ಎಂದರೆ ನಮಗೆ ಶಾಲೆಯಲ್ಲಿ ಕತ್ತಿ, ಕುದುರೆ, ಕೋಟೆ ಅಲ್ವಾ? ಆದರೆ ಪೆಸಿಫಿಕ್ ಸಾಗರದ ಪಾಲಿನೇಷಿಯನ್ನರು ಹೋದ ದ್ವೀಪಗಳಲ್ಲಿ ಮನುಷ್ಯರೇ ಇರಲಿಲ್ಲ. ಅವರ ಹಿರಿಯರು ಸುಮಾರು 2,800 ವರ್ಷಗಳ ಹಿಂದೆ ಟೋಂಗಾ, ಸಮೋವಾ ಮುಟ್ಟಿದ್ದರು. ಆಮೇಲೆ ಸಾವಿರ ವರ್ಷಕ್ಕೂ ಜಾಸ್ತಿ ಅಲ್ಲೇ ನಿಂತರು. ಮತ್ತೆ ಹೊರಟಾಗ ಹವಾಯಿ, ಈಸ್ಟರ್ ದ್ವೀಪ. 1300ರ ಆಸುಪಾಸಿನಲ್ಲಿ ನ್ಯೂಜಿಲೆಂಡ್. ನಕ್ಷತ್ರ, ಅಲೆ ಬರುವ ದಿಕ್ಕು, ಸಂಜೆ ಗೂಡಿಗೆ ಮರಳುವ ಹಕ್ಕಿ, ಇವೇ ಅವರಿಗೆ ದಾರಿ. ಸುಮ್ನೆ ಗಾಳಿಗೆ ತೇಲಿ ಹೋದವರು ಎಂದು ವಾದಿಸಿದವರೂ ಇದ್ದರು. 1976ರಲ್ಲಿ ಮಾವ್ ಪಿಯಾಯ್ಲುಗ್ ಎಂಬ ನಾವಿಕರು ಯಾವ ಉಪಕರಣವೂ ಇಲ್ಲದೆ ಹೊಕುಲೆಆ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ತಾಹಿತಿಗೆ ಮುಟ್ಟಿಸಿದರು. ಸುಮಾರು 4,000 ಕಿ.ಮೀ.! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆ ಜನರ ದೋಣಿಗಳಲ್ಲಿ ಏನಿರುತ್ತಿತ್ತು ಗೊತ್ತಾ? ಕೆಸು. ನಿನ್ನ ದೊಡ್ಡಮ್ಮ ಪತ್ರೊಡೆ ಮಾಡುವ ಅದೇ ಕೆಸು. ದೀವಿಹಲಸು, ಬಾಳೆ, ಕೋಳಿ, ನಾಯಿ. ದಕ್ಷಿಣ ಅಮೆರಿಕದ ಗೆಣಸೂ ಅವರ ಕೈ ಸೇರಿತ್ತು. ನ್ಯೂಜಿಲೆಂಡಿನಲ್ಲಿ ನೆಲೆಸಿದ ಪಾಲಿನೇಷಿಯನ್ನರಾದ ಮಾವೊರಿಗಳು ಅದನ್ನು ಕುಮರ ಎನ್ನುತ್ತಾರೆ.

ಜೊತೆಗೆ ಇಲಿಯೂ ಹೋಯಿತು. ನ್ಯೂಜಿಲೆಂಡಿನಲ್ಲಿ ಮೊವಾ ಎಂಬ ಹಕ್ಕಿಗಳಿದ್ದವು. ಹಾರಲಾರವು. ದೊಡ್ಡವು ಕತ್ತು ಚಾಚಿದರೆ ಹತ್ತಡಿ ದಾಟುತ್ತಿದ್ದವು. ಮನುಷ್ಯ ಬಂದ ಇನ್ನೂರು ವರ್ಷದೊಳಗೆ ಬೇಟೆಗೆ ಸಿಕ್ಕಿ ಒಂದೂ ಉಳಿಯಲಿಲ್ಲ. ಊರು ಕಟ್ಟಿಕೊಂಡು ಬದುಕಲು ಬಂದವರಿಂದಲೇ ಹೀಗಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಮುಂದೆ ಬ್ರಿಟಿಷರು ಬಂದರು. ಅವರು ಮಾವೊರಿ ನಾಯಕರ ಜೊತೆ ಮಾಡಿಕೊಂಡ 1840ರ ವೈಟಾಂಗಿ ಒಪ್ಪಂದದ ಇಂಗ್ಲಿಷ್ ಪ್ರತಿ ಒಂದು ಹೇಳಿತು, ಮಾವೊರಿ ಪ್ರತಿ ಇನ್ನೊಂದು. ಆಮೇಲೆ ಮಾವೊರಿಗಳ ಭೂಮಿ ಬಹುಪಾಲು ಕೈತಪ್ಪಿತು. ಆ ನೋವಿನ ಮಾತು ನಿನ್ನ ಕಿವಿಗೂ ಬೀಳುತ್ತದೆ. ಕೇಳಿಸಿಕೋ. ನಡುವೆ ತೀರ್ಪು ಹೇಳಲು ಹೋಗಬೇಡ. ಆ ದೇಶಕ್ಕೆ ಅವರ ಭಾಷೆಯಲ್ಲಿ ಆವೊಟೆಆರೊವಾ ಎಂಬ ಹೆಸರಿದೆ. ಅವರ ಬಾಯಲ್ಲೇ ಕೇಳಿ ಸರಿಯಾಗಿ ಕಲಿ.

ಇನ್ನೊಂದು ಮಾತು. ದೊಡ್ಡಮ್ಮ ಹಪ್ಪಳದ ಜೊತೆ ಬಸಳೆ ಬೀಜವನ್ನೂ ಕಟ್ಟಿಟ್ಟಿದ್ದಳು. ಹೊರಗಿನ ಬೀಜ ಆ ನೆಲಕ್ಕೆ ಬೇಡವೆಂದು ಅದನ್ನು ನಾನೇ ತೆಗೆಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಉಳಿದ ತಿಂಡಿಯನ್ನೆಲ್ಲ ಇಳಿದ ಕೂಡಲೇ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಬರೆದು ತೋರಿಸು. ಒಂದು ಪೊಟ್ಟಣವನ್ನೂ ಮುಚ್ಚಿಡಬೇಡ.

ಇಂತಿ ನಿನ್ನ
ದೊಡ್ಡಪ್ಪ