ಆಫೀಸು ಮುಚ್ಚುವ ಮುನ್ನ

ಈ ತಿಂಗಳ ಕೊನೆಗೆ ವಕೀಲಿ ನಿಲ್ಲಿಸುತ್ತಿದ್ದೇನೆ. ಆಸ್ಪತ್ರೆಯ ಕತೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬೇಡ. ನನಗೆ ಅನ್ನ ಕೊಟ್ಟ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ 2025ರ ನವೆಂಬರಿನಲ್ಲಿ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಗೆ ಜಾಗ ಬಿಟ್ಟುಕೊಟ್ಟಿತು. ಈ ವಯಸ್ಸಿನಲ್ಲಿ ಹೊಸದನ್ನು ಬಾಯಿಪಾಠ ಮಾಡುವ ಉಮೇದು ನನಗಿಲ್ಲ.

ಮ್ಯಾನೇಜ್‌ಮೆಂಟ್ ಕಡೆ ವಕೀಲ ಅಂದರೆ ಮದುವೆ ಮನೆಯಲ್ಲೂ "ಈ ವರ್ಷ ಎಷ್ಟು ಜನರನ್ನ ಮನೆಗೆ ಕಳಿಸಿದ್ರಿ?" ಅಂತ ಕೇಳುತ್ತಾರೆ. ಅಂಥವನನ್ನು ನಂಬಿ ಫೈಲು ಕೊಟ್ಟ ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಯವರಿಗೆ, ನನ್ನ ಜೂನಿಯರ್‌ಗಳಿಗೆ, ಹೆಂಡತಿ ಮಗಳಿಗೆ ನಮಸ್ಕಾರ. ಯೂನಿಯನ್ ಪರ ವಕೀಲ ಮಿತ್ರರಿಗೂ. ಆ ಹಳೆಯ ಕಾಯ್ದೆಯ ಕಲಂ 36(4)ರ ಪ್ರಕಾರ ಎದುರು ಪಕ್ಷ ಒಪ್ಪದಿದ್ದರೆ ಲೇಬರ್ ಕೋರ್ಟಿನಲ್ಲಿ ವಕೀಲನಾಗಿ ನಿಲ್ಲುವ ಹಾಗೇ ಇರಲಿಲ್ಲ. ಒಪ್ಪಿಗೆ ಕೊಟ್ಟು, ಆಮೇಲೆ ಊಟದ ಹೊತ್ತಿನವರೆಗೆ ನನ್ನನ್ನು ಝಾಡಿಸಿದವರು ಇವರು.

ಇನ್ನು ನಮ್ಮ ಗುಮಾಸ್ತರು.

ಆಪರೇಷನ್ನಿನ ಹಿಂದಿನ ರಾತ್ರಿ ಮಗಳು ಇನ್ನೂ ವಿಮಾನದಲ್ಲಿದ್ದಳು. ಹೆಂಡತಿಗೆ ನಮ್ಮಮ್ಮನನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ, ಕಾಲ ನಡುವೆ ಕೇಸಿನ ಚೀಲ ಇಟ್ಟುಕೊಂಡು ಕೂತವರು ಇವರೇ. ನನಗೆ ಪ್ರಾಣಭಯ; ಬಾಯಲ್ಲಿ ಮಾತ್ರ ಮರುದಿನ ಹೈಕೋರ್ಟಿಗೆ ಹಾಕಬೇಕಿದ್ದ 17ಬಿ ಆಕ್ಷೇಪಣೆಯ ಜಪ. ಕೆಲಸ ಕಳಕೊಂಡ ಕಾರ್ಮಿಕ ಲೇಬರ್ ಕೋರ್ಟಿನಲ್ಲಿ ಅದನ್ನು ವಾಪಸ್ ಗೆದ್ದು, ಕಂಪನಿ ಮೇಲಿನ ಕೋರ್ಟಿಗೆ ಹೋದಾಗ, ಅಲ್ಲಿ ತೀರ್ಮಾನವಾಗುವ ತನಕ ಅವನು ಕೊನೆಗೆ ಪಡೆಯುತ್ತಿದ್ದಷ್ಟು ಸಂಬಳ ಕೊಡುತ್ತಿರಬೇಕು ಅನ್ನುವ ಕಲಂ ಅದು. 'ಈತ ಬೇರೆ ಕಡೆ ದುಡಿಯುತ್ತಿದ್ದಾನೆ, ಕೊಡಬೇಕಿಲ್ಲ' ಅಂತ ಬರೆಯುವುದು ನನ್ನ ಕೆಲಸ, ಟೈಪ್ ಮಾಡುವುದು ಅವರ ಕೆಲಸ.

"ಸರ್, 17ಬಿ ಬಂದಿದ್ದು 84ರಲ್ಲಿ ಅಲ್ವಾ?" ಅಂದರು. ಹೌದು ಅಂದೆ. "ನಮ್ಮಪ್ಪ 83ರಲ್ಲೇ ಹೋಗ್ಬಿಟ್ರು. ಮಿಲ್ಲಿನ ಕೇಸು ಗೆದ್ದಿದ್ರು, ಮಿಲ್ಲಿನವ್ರು ಹೈಕೋರ್ಟಿಗೆ ಹೋದ್ರು. ಕೈಗೆ ಒಂದ್ ರೂಪಾಯಿ ಬರ್ಲಿಲ್ಲ. ನಾನು ಸ್ಕೂಲ್ ಬಿಟ್ಟಿದ್ದು ಆವಾಗ್ಲೇ."

ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ, ಒಮ್ಮೆಯೂ ಹೇಳಿರಲಿಲ್ಲ. ನನಗೆ ಅಳು ಬಂತು. ಅವರ ಅಪ್ಪನಿಗಾಗಿಯೋ, ನಾಳೆ ನಾನು ಏಳುತ್ತೇನೋ ಇಲ್ಲವೋ ಅಂತಲೋ, ಈಗಲೂ ಗೊತ್ತಿಲ್ಲ. ಅವರು ಫ್ಲಾಸ್ಕಿನಿಂದ ಹತ್ತಿಗೆ ನೀರು ಹಾಕಿ ನನ್ನ ತುಟಿ ಒರೆಸಿದರು, ಕುಡಿಯುವ ಹಾಗಿರಲಿಲ್ಲವಲ್ಲ. ಬೆಳಿಗ್ಗೆ ನನ್ನನ್ನು ಒಳಗೆ ಕಳಿಸಿ, ಮಗಳು ಬಂದ ಮೇಲೆ ನೇರ ಹೈಕೋರ್ಟಿಗೆ ಹೋಗಿ ಆ ಆಕ್ಷೇಪಣೆ ಫೈಲ್ ಮಾಡಿ ಬಂದರು.

ನಾನು ಕಂಪನಿಗಳ ಪರ ವಾದಿಸಿದ್ದಕ್ಕೆ ನಾಚಿಕೆಪಡುವವನಲ್ಲ. ಅವರ ಕಡೆಯದನ್ನೂ ಒಬ್ಬ ಹೇಳಬೇಕಲ್ಲ. ಆದರೆ ನನ್ನ ವಾದದ ಒಂದೊಂದು ಹಾಳೆಯೂ ಇವರ ಕೈ ದಾಟಿ ಹೋಗಿದೆ ಅನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ. ಇದನ್ನು ಬರೆಯಲೇ ಅಂತ ಕೇಳಿದೆ. "ಬರೀರಿ ಸರ್, ಹೆಸರೊಂದು ಬೇಡ" ಅಂದರು.

ಮೂವತ್ತನೇ ತಾರೀಖಿನವರೆಗೆ ಆಫೀಸು ತೆರೆದಿರುತ್ತದೆ. ಫೈಲು ಬೇಕಾದವರು ಅವರನ್ನೇ ಕೇಳಿ. ಯಾವುದು ಎಲ್ಲಿದೆ ಅಂತ ನನಗೆ ಯಾವತ್ತೂ ಗೊತ್ತಿರಲಿಲ್ಲ.